ಐದು ನಿಮಿಷದ ಮಾತು

"ನನ್ನೊಬ್ಬನ ಕೂಡ ಏನ್ ಮಾತವ್ವಾ? ವಶೀಲಿ ಹಚ್ಚಾಕ ಬಂದೀಯೇನು? ಹೇಳೂದಿದ್ರ ಎಲ್ಲಾರ ಮುಂದ ಹೇಳು!" ಸಭೆಯ ನಡುವೆ ಟ್ರಸ್ಟಿನ ಅಧ್ಯಕ್ಷರು ಮೇಜು ಗುದ್ದಿದರು.

"ಎಲ್ಲಾರ ಮುಂದ ಹೇಳೂ ಮಾತಲ್ರಿ ಸಾವ್ಕಾರ್ರ. ಐದ ನಿಮಿಷ ಸಾಕು" ಎಂದಳು ದಂತ ಕಾಲೇಜಿನ ಡಾಕ್ಟರಮ್ಮ.

ಅಧ್ಯಕ್ಷರಿಗೆ ಸಾಕುಸಾಕಾಗಿತ್ತು. ನಾಲ್ಕು ದಿನದಿಂದ ಈಕೆ ಬೆನ್ನು ಬಿಟ್ಟಿರಲಿಲ್ಲ. ಫೋನು ಕಟ್ ಮಾಡಿದರೆ ಮನೆಬಾಗಿಲಿಗೆ, ಬಾಗಿಲು ಹಾಕಿಕೊಂಡರೆ ಮದುವೆಯ ಪಂಕ್ತಿಗೆ ಬಂದು ನಿಲ್ಲುತ್ತಿದ್ದಳು. ಆಕೆ ಕಂಡುಹಿಡಿಯುತ್ತಿದ್ದುದು, ಹುಣ್ಣು ಏಳುವ ಮೊದಲೇ ಎಂಜಲು ನೋಡಿ ಬಾಯಿಯ ಕ್ಯಾನ್ಸರ್ ಪತ್ತೆ ಮಾಡುವ ಪರೀಕ್ಷೆಯಂತೆ. ಕೆಲಸ ಇನ್ನೂ ಶುರುವಿನಲ್ಲಿತ್ತು, ಟ್ರಸ್ಟಿನ ನೆರವು ಬೇಕಿತ್ತು. ಹೋದ ತಿಂಗಳು ಅದನ್ನು ನೋಡಲು ಹೋದಾಗ ಅಧ್ಯಕ್ಷರೂ ಬಾಯಲ್ಲಿದ್ದ ತಂಬಾಕು ಉಗುಳಿ, "ನಂದೂ ಹಿಡಿಯವ್ವಾ" ಎಂದು ನಗುತ್ತಾ ಎಂಜಲು ಕೊಟ್ಟು ಬಂದಿದ್ದರು.

"ನಿನ್ನ ಪರೀಕ್ಷೆ ಖರೇ ಅನ್ನಾಕ ಪುರಾವೆ ಎಲ್ಲೈತಿ? ಪುರಾವೆ ಇಲ್ದ ರೊಕ್ಕ ಇಲ್ಲ."

"ರೊಕ್ಕ ಇಲ್ದ ಪುರಾವೆ ಎಲ್ಲಿಂದ ತರ್ಲಿರಿ? ಹೋಗ್ಲಿ, ರೊಕ್ಕದ ಮಾತ ಬ್ಯಾಡ. ಒಂದ್ಸಲ ಹೊರಗ ಬರ್ರಿ."

"ಬರಂಗಿಲ್ಲ!"

ಆಕೆ ಅಂಟಿಸಿದ ಲಕೋಟೆಯೊಂದನ್ನು ಅವರ ಮುಂದಿಟ್ಟಳು. "ನೀವೊಬ್ಬರ ಓದ್ರಿ" ಎಂದವಳು ಹೊರಟೇ ಹೋದಳು.

"ಯಾವನೋ ಮಂತ್ರಿ ಚೀಟಿ ಇರಬೇಕು" ಎಂದು ಅಧ್ಯಕ್ಷರು ಲಕೋಟೆಯನ್ನು ಕಾರ್ಯದರ್ಶಿಯತ್ತ ಎಸೆದರು. "ಜೋರಾಗಿ ಓದ್ರಿ, ಎಲ್ಲಾರೂ ಕೇಳ್ಲಿ!"

ಕಾರ್ಯದರ್ಶಿ ಜೋರಾಗಿಯೇ ಓದಿದ: "ಪರೀಕ್ಷಿಸಿದ ನಲವತ್ತು ಮಂದಿಯಲ್ಲಿ ನಿಮ್ಮೊಬ್ಬರ ಎಂಜಲಲ್ಲಿ ರೋಗದ ಸುಳಿವಿದೆ. ಇವತ್ತೇ ದೊಡ್ಡಾಸ್ಪತ್ರೆಗೆ ತೋರಿಸಿ. ನನ್ನ ಪರೀಕ್ಷೆ ಸುಳ್ಳಾಗಲಿ."