ಒಬ್ಬಳೇ ವಿದ್ಯಾರ್ಥಿನಿ

ತತ್ವಶಾಸ್ತ್ರ ವಿಭಾಗವನ್ನು ಮುಚ್ಚುವ ಠರಾವು ಸಿಂಡಿಕೇಟ್ ಸಭೆಯ ಮುಂದಿತ್ತು. ಒಬ್ಬ ವಿದ್ಯಾರ್ಥಿ ಉಳಿದಿದ್ದರೂ ಯಾವ ವಿಭಾಗವನ್ನೂ ಮುಚ್ಚಕೂಡದೆಂಬುದು ವಿಶ್ವವಿದ್ಯಾಲಯ ಕಟ್ಟಿದ ಹಿರಿಯರು ಹಾಕಿದ ಕಟ್ಟಳೆ.

“ಒಬ್ಬಾಕಿ ಅದಾಳಂತ ಹೇಳ್ತಾರ. ಕಂಡಾವ್ರು ಯಾರೂ ಇಲ್ಲ,” ಎಂದು ಕುಲಪತಿ ನಕ್ಕರು.

ಹೊಸ ಸದಸ್ಯೆ ವಿಮಲಾಕ್ಷಿ ಮೈಸೂರು ಕಡೆಯವರು, ಪತ್ರಿಕೆಯೊಂದರ ಸಂಪಾದಕಿಯಾಗಿದ್ದವರು. ಕಣ್ಣಾರೆ ಕಾಣದ್ದಕ್ಕೆ ಕೈ ಎತ್ತುವ ಪೈಕಿ ಅಲ್ಲ.

“ನಾನೇ ನೋಡ್ಕೊಂಡು ಬರ್ತೀನಿ. ಅಲ್ಲೀತನಕ ಚಹಾ ಕುಡೀರಿ,” ಎಂದು ಎದ್ದುಹೋದರು.

ಹಳೆಯ ಕಟ್ಟಡದ ಕೊನೆಯ ಕೋಣೆಯಲ್ಲಿ ಪಾಠ ನಡೆದಿತ್ತು. ಮುಂದಿನ ಬೆಂಚಿನಲ್ಲಿ ಹುಡುಗಿಯೊಬ್ಬಳು ಕೂತಿದ್ದಳು.

“ಪ್ರಶ್ನೆ ಕೇಳವಾ ತಂಗಿ, ಸುಮ್ಮನ ಗೋಣ ಹಾಕಬ್ಯಾಡ,” ಎಂದು ಶಾಲು ಹೊದ್ದ ಮೇಷ್ಟ್ರು ಕೆಮ್ಮುತ್ತ ಗದರಿಸುತ್ತಿದ್ದರು.

ಬಾಗಿಲಲ್ಲಿ ವಿಮಲಾಕ್ಷಿಯವರನ್ನು ಕಂಡ ಹುಡುಗಿ ಎದ್ದು ಬಂದಳು.

“ಇದನ್ನ ಮುಚ್ಚಾಕ ಬಂದೀರೇನ್ರಿ? ಬ್ಯಾರೆ ಊರಿಗೆ ಕಳಿಸಿ ಓದ್ಸೋರು ನನಗ ಯಾರೂ ಇಲ್ರಿ.”

“ನೀನಿರೋತನಕ ಮುಚ್ಚೋಕೆ ಬಿಡಲ್ಲ, ಹೋಗಿ ಪಾಠ ಕೇಳು,” ಎಂದು ಭರವಸೆ ಕೊಟ್ಟು ಅವರು ಸಭೆಗೆ ಮರಳಿದರು.

“ಹುಡುಗಿ ಇದ್ದಾಳೆ, ಮಾತಾಡಿಸಿ ಬಂದೆ. ನಿಮ್ಮ ಠರಾವು ಬಿತ್ತು.”

“ಆತು ಬಿಡ್ರಿ, ಸೋತೆವು. ಒಬ್ಬಾಕೇ ಕುಂತು ಅಲ್ಲಿ ಏನ್ ಮಾಡ್ತಾಳ?” ಎಂದರು ಕುಲಪತಿ.

“ಒಬ್ಬಳೇ ಯಾಕೆ? ಆ ಶಾಲಿನ ಮೇಷ್ಟ್ರು ಪಾಠ ಹೇಳ್ತಿದ್ರಲ್ಲ. ಕೆಮ್ಮು ಜೋರಿದೆ ಪಾಪ, ಆದ್ರೂ ಬಿಡದೆ ಹೇಳ್ತಾರೆ.”

ಕುಲಪತಿಗಳ ನಗು ನಿಂತಿತು.

“ಮೇಡಂ, ಆ ವಿಭಾಗಕ್ಕ ಇದ್ದಾವ್ರು ಅವರೊಬ್ರೇ ಮೇಷ್ಟ್ರು. ಹೋದ ಬ್ಯಾಸಗ್ಯಾಗ ನಾವೆಲ್ಲ ಹೋಗಿ ಮಣ್ಣು ಕೊಟ್ಟು ಬಂದೇವಿ.”