ಮೂರನೆಯ ಕೂಗು

"ಬಕೆಟ್ಟಿಗೂ ಹೆಸರು ಬರೀಬೇಕಾ?"

ಮಮತ ಕೇಳಿದ್ದು ಯಾರನ್ನೂ ಅಲ್ಲ. ರಜೆ ಸಿಗದ ಗಂಡ ಬೈರೇಶ ಬೆಳಗಿನ ಪಾಳಿಗೆ ಹೋಗಿಯಾಗಿತ್ತು. ಅತ್ತೆ ನರಸಮ್ಮ ದೇವರ ಮುಂದೆ ಕಣ್ಣು ಮುಚ್ಚಿ ಕೂತಿದ್ದರು. ವಸತಿ ಶಾಲೆಯವರು ಕೊಟ್ಟ ಪಟ್ಟಿಯನ್ನು ಇನ್ನೊಮ್ಮೆ ನೋಡಿ, ಮಮತ ಕೆಂಪು ಉಗುರುಬಣ್ಣದಲ್ಲಿ ಬಕೆಟ್ಟಿನ ಮೇಲೆ 'ಕೀರ್ತನ, ಆರನೇ ತರಗತಿ' ಎಂದು ಬರೆದು, ಒಣಗಲೆಂದು ಊದಿದಳು.

"ಬರಿ ತಾಯಿ, ಬರಿ," ನರಸಮ್ಮ ಕಣ್ಣು ಬಿಡದೆಯೇ ಅಂದರು. "ಮಗು ಹಣೆ ಮೇಲೂ ಒಂದ್ ಬರ್ದು ಕಳ್ಸು."

ಅತ್ತೆಯ ಕೋಪ ಬಕೆಟ್ಟಿನ ಮೇಲಲ್ಲ ಎಂದು ಮಮತಳಿಗೆ ಗೊತ್ತಿತ್ತು. ದೊಡ್ಡಬಳ್ಳಾಪುರದ ಬಳಿಯ ಮಧುರೆಯ ಆ ಮನೆಯಲ್ಲಿ ಹಿಂದಿನಿಂದಲೂ ಒಂದು ಪದ್ಧತಿ. ಹೊತ್ತು ಮುಳುಗಿದ ಮೇಲೆ ಯಾರೇ ಹೆಸರು ಹಿಡಿದು ಕೂಗಲಿ, ಮೊದಲ ಕೂಗಿಗೆ ಓಗೊಡಬಾರದು, ಎರಡನೆಯದಕ್ಕೂ ಕೂಡದು. ದೆವ್ವವಾದರೆ ಅಷ್ಟಕ್ಕೇ ಬೇಸತ್ತು ಹೋಗುತ್ತದೆ. ಮೂರನೆಯ ಸಲ ಕೂಗುವುದು ಮನುಷ್ಯರೇ. ಪರೀಕ್ಷೆ ಬರೆದ ಮಗಳಿಗೆ ವಸತಿ ಶಾಲೆಯಲ್ಲಿ ಸೀಟು ಸಿಕ್ಕಿದ ಏಪ್ರಿಲ್ ತಿಂಗಳಲ್ಲಿ ಮಮತ ಈ ಪದ್ಧತಿಯನ್ನು ಹಗಲಿಗೂ ತಂದಳು. "ಅಮ್ಮಾ, ನನ್ ಟವೆಲ್ಲು?" ಮೂರನೆಯ ಸಲದವರೆಗೆ ಉತ್ತರವಿಲ್ಲ. ಹದಿನೈದು ದಿನ ಕಳೆದ ಮೇಲೆ ಮೂರನೆಯದಕ್ಕೂ ಇಲ್ಲ.

"ಅಲ್ಲಿ ಎಷ್ಟ್ ಕೂಗಿದ್ರೂ ಯಾರೂ ಬರಲ್ಲ ಪುಟ್ಟಿ. ಈಗ್ಲಿಂದ್ಲೇ ರೂಢಿ ಮಾಡ್ಕೋ."

"ಮೂರ್ನೇ ಕೂಗಿಗೂ ಬಾಯಿ ಬಿಡಲ್ವಲ್ಲೇ, ಏನ್ ದೆವ್ವ ಅಂದ್ಕೊಂಡಿದ್ದೀಯಾ ನನ್ ಮೊಮ್ಮಗಳ್ನ?" ಎಂದು ನರಸಮ್ಮ ಅಂದೇ ಜಗಳಕ್ಕೆ ಬಂದಿದ್ದರು.

"ನಿಮಗ್ ಗೊತ್ತಾಗಲ್ಲ ಬಿಡಿ ಅತ್ತೆ."

ಗೊತ್ತಿದ್ದದ್ದು ಮಮತಳಿಗೆ. ಇದೇ ವಯಸ್ಸಿನಲ್ಲಿ ಅವಳನ್ನೂ ದೊಡ್ಡಬಳ್ಳಾಪುರದ ಹಾಸ್ಟೆಲಿಗೆ ಬಿಟ್ಟಿದ್ದರು. ರಾತ್ರಿಯೆಲ್ಲ ಅಮ್ಮಾ ಅಮ್ಮಾ ಎಂದು ಅತ್ತು, ಹನ್ನೊಂದನೆಯ ದಿನ ಅಪ್ಪನ ಹೆಗಲೇರಿ ಊರಿಗೆ ಬಂದವಳು ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಈಗ ಗಾರ್ಮೆಂಟ್ಸಿನಲ್ಲಿ ದಿನವಿಡೀ ಕಾಲರ್ ಹೊಲಿಯುತ್ತಾಳೆ. ಅಪ್ಪ ಕರೆದುಕೊಂಡು ಬಂದದ್ದು ಪ್ರೀತಿಯಿಂದಲೇ. ಆ ಪ್ರೀತಿಯ ಮೇಲೆ ಅವಳಿಗೆ ಇವತ್ತಿಗೂ ಸಿಟ್ಟು.

ಪಾಠವಂತೂ ಹತ್ತಿತು. ಮೇ ಮುಗಿಯುವ ಹೊತ್ತಿಗೆ ಕೀರ್ತನ ಕೂಗುವುದನ್ನೇ ಬಿಟ್ಟಳು. ತಾನೇ ನೀರು ಕಾಯಿಸಿಕೊಂಡು ಸ್ನಾನ ಮಾಡುವಳು, ತಾನೇ ತಲೆ ಬಾಚಿಕೊಳ್ಳುವಳು, ತಾನೇ ತಟ್ಟೆ ಹಾಕಿಕೊಂಡು ಉಂಡು ತೊಳೆದಿಡುವಳು. ಮಮತ ಕಾರ್ಖಾನೆಯಲ್ಲಿ ತನ್ನ ಹೊಲಿಗೆ ಲೈನಿನ ಹೆಂಗಸರೆದುರು, "ನನ್ ಮಗಳು ಇದ್ದಾಳೋ ಇಲ್ವೋ ಅನ್ನೋದೇ ಗೊತ್ತಾಗಲ್ಲ ಕಣ್ರೇ," ಎಂದು ಹೆಮ್ಮೆಯಿಂದ ಹೇಳಿಕೊಂಡಿದ್ದಳು.

ಬಕೆಟ್ಟು, ಟ್ರಂಕು ಹೊತ್ತು ತಾಯಿ ಮಗಳು ಎರಡು ಬಸ್ಸು ಬದಲಿಸಿ ಹೊಸಕೋಟೆ ಕಡೆಯ ಆ ಶಾಲೆ ಮುಟ್ಟಿದಾಗ ಮಧ್ಯಾಹ್ನ. ಅಂಗಳದ ತುಂಬ ಅಳುವ ಮಕ್ಕಳು, ಸೆರಗಿನಲ್ಲಿ ಮೂಗೊರೆಸುವ ತಾಯಂದಿರು. ಕೀರ್ತನ ಮಾತ್ರ ಟ್ರಂಕಿನ ಮೇಲೆ ಕೂತು, ತನ್ನ ಸರದಿ ಬಂದೊಡನೆ ಎದ್ದು ಹೋದಳು. ವಾರ್ಡನ್ ವಾಣಿಶ್ರೀ ಸಹಿ ಹಾಕಿಸಿಕೊಂಡು, ಹುಡುಗಿಯ ತಲೆ ನೋಡಿದರು, ಉಗುರು ನೋಡಿದರು.

"ಕಜ್ಜಿ ಗಿಜ್ಜಿ ಇದ್ರೆ ಒಬ್ರಿಂದ ಎಲ್ರಿಗೂ ಹತ್ಕೊಳತ್ತೆ, ಅದಕ್ಕೇ," ಎನ್ನುತ್ತ ತೋಳು ಮೇಲೆತ್ತಿದವರು ಹಾಗೇ ನಿಂತರು. ಎಡ ರಟ್ಟೆಯ ಒಳಬದಿಯಲ್ಲಿ ಒಂದು ಬೆರಳುದ್ದ ಸುಟ್ಟ ಗಾಯ. ಅಂಚು ಕಪ್ಪಾಗಿ ಒಣಗಿತ್ತು. ನಡುವೆ ಇನ್ನೂ ಹಸಿ. "ಇದೇನಮ್ಮಾ? ಯಾವಾಗಾಯ್ತು?"

ವಾರ್ಡನ್ ಕೇಳಿದ್ದು ತಾಯಿಯನ್ನು. ಮಮತ ಆ ಗಾಯವನ್ನು ನೋಡಿದ್ದು ಆಗಲೇ ಮೊದಲು.

"ಹೋದ ಬುಧವಾರ ಮೇಡಂ," ಕೀರ್ತನಳೇ ಹೇಳಿದಳು. "ನೀರಿನ ಹಂಡೆ ತಾಗ್ತು. ಪೇಸ್ಟ್ ಹಚ್ಕೊಂಡೆ."

ಹೋದ ಬುಧವಾರ. ಅಂದು ಮಮತಳಿಗೆ ವಾರದ ರಜೆ. ಬಚ್ಚಲಿನ ಪಕ್ಕದಲ್ಲೇ ಕೂತು ಬಟ್ಟೆ ಮಡಚುತ್ತಿದ್ದಳು. ಚೊಂಬು ಬಿದ್ದ ಸದ್ದು ಕೇಳಿಸಿತ್ತು. ಅದರ ಹಿಂದೆ ಏನೂ ಕೇಳಿಸಿರಲಿಲ್ಲ.

"ಯಾಕೆ ಕೂಗ್ಲಿಲ್ಲ ಪುಟ್ಟಿ? ಅಲ್ಲೇ ಇದ್ನಲ್ಲೇ ನಾನು."

"ಬಾಯಿ ತನಕ ಬಂತಮ್ಮ. ತಡ್ಕೊಂಡ್ಬಿಟ್ಟೆ," ಅಂದಳು ಕೀರ್ತನ, ಮಗ್ಗಿಯನ್ನು ತಪ್ಪಿಲ್ಲದೆ ಒಪ್ಪಿಸಿದವಳ ಹಾಗೆ.

ವಾಣಿಶ್ರೀ ಮುಲಾಮು ತರಲು ಒಳಗೆ ಹೋದರು. ಮಮತ ಮಗಳ ರಟ್ಟೆ ಮುಟ್ಟಲು ಹೋಗಿ, ನೋಯುತ್ತದೇನೋ ಎಂದು ಕೈ ಹಿಂದೆಗೆದಳು. ಎಲ್ಲಿ ಹಿಡಿದರೆ ನೋಯದು ಎಂಬುದೂ ಅವಳಿಗೆ ತಿಳಿಯಲಿಲ್ಲ. ಮಗಳ ಮೈ ನೋಡಿ ಎರಡು ತಿಂಗಳಾಗಿತ್ತು. ತಟ್ಟನೆ ಬಗ್ಗಿ ಟ್ರಂಕಿನ ಹಿಡಿ ಹಿಡಿದಳು.

"ನಡಿ ಪುಟ್ಟಿ, ಮನೆಗ್ ಹೋಗೋಣ. ಊರಲ್ಲೇ ಸ್ಕೂಲಿದೆ, ಅಲ್ಲೇ ಓದ್ಕೊಳೀವಂತೆ."

ಕೀರ್ತನ ಎತ್ತಗೊಡದೆ ಟ್ರಂಕಿನ ಮೇಲೆ ಕೈಯೂರಿದಳು.

"ನಾನ್ ಬರಲ್ಲ."

"ಹಂಗನ್ಬೇಡ ಕಣೇ. ಇನ್ಮೇಲೆ ಮೊದಲ್ನೇ ಕೂಗಿಗೇ ಓಡ್ಬರ್ತೀನಿ. ಘಾಟಿ ಸುಬ್ರಮಣ್ಯನಾಣೆ!"

"ಬರಲ್ಲಮ್ಮ," ಅಂದಳು ಕೀರ್ತನ. "ಕೂಗ್ದೆ ಇರೋದನ್ನ ಮತ್ತೆ ಮೊದ್ಲಿಂದ ಕಲಿಯೋಕೆ ನನ್ ಕೈಲಾಗಲ್ಲ."