ಹಿತ್ತಿಲಲ್ಲಿ ಕಟ್ಟಿದ ಕುದುರೆ

ಮಲಕಾಜಪ್ಪ ಹಿತ್ತಿಲಿಗೆ ಬಂದವನೇ ಕುದುರೆಯ ಹಗ್ಗಕ್ಕೆ ಕೈ ಹಾಕಿದ. ಅವನ ಅಕ್ಕನ ಗಂಡ ಚನ್ನವೀರಪ್ಪ ಆ ಕೈಯನ್ನು ಗಟ್ಟಿಯಾಗಿ ಹಿಡಿದ.

"ಬಿಚ್ಚಬ್ಯಾಡ, ಮಲಕಾಜಪ್ಪಾ."

"ಇದನ್ನ ಇಲ್ಲಿ ಕಟ್ಟಾಕ ಯಾರು ಹೇಳ್ಯಾರ ಮಾಮಾ?"

"ನಾನ ಕಟ್ಟಿಸೀನಿ."

ಒಳಗೆ ಅಕ್ಕ ಶಾರದಾಬಾಯಿ ಮಲಗಿದ್ದಳು. ಹೊಟ್ಟೆಯಲ್ಲಿ ಗಡ್ಡೆ. ಸೊಲ್ಲಾಪುರದ ಡಾಕ್ಟರು ಕೈಚೆಲ್ಲಿ ಮನೆಗೆ ಕಳಿಸಿ ಹದಿನೈದು ದಿನವಾಗಿತ್ತು. ಅವಳನ್ನು ನೋಡಲೆಂದು ಸೊಲ್ಲಾಪುರದ ತನ್ನ ಟವೆಲ್ ಅಂಗಡಿಗೆ ಬೀಗ ಹಾಕಿ, ಶನಿವಾರದ ಮೊದಲ ಬಸ್ಸಿಗೆ ಅಕ್ಕಲಕೋಟೆಗೆ ಬಂದ ತಮ್ಮನಿಗೆ ಮೊದಲು ಕಂಡದ್ದು ಈ ಕುದುರೆ. ಆಮೇಲೆ ಅದರ ಕುತ್ತಿಗೆಯ ಬುಡದಲ್ಲಿದ್ದ ಜೋಡಿ ಸುಳಿ.

ಸುಳಿ ಅಂದರೆ ಕೂದಲು ಸುತ್ತಿಕೊಂಡ ಜಾಗ, ಅಷ್ಟೆ. ಆದರೆ ಆ ಕಡೆಯವರು ಎತ್ತಾಗಲಿ ಕುದುರೆಯಾಗಲಿ ಕೊಳ್ಳುವಾಗ ಹಲ್ಲಿಗಿಂತ ಮೊದಲು ಸುಳಿ ನೋಡುತ್ತಾರೆ. ಒಂದೊಂದು ಸುಳಿಗೆ ಒಂದೊಂದು ಫಲ. ಕುತ್ತಿಗೆಯ ಬುಡದಲ್ಲಿ ಜೋಡಿ ಸುಳಿ ಇದ್ದ ಕುದುರೆಯನ್ನು ಕಟ್ಟಿದ ಮನೆಯಲ್ಲಿ ಒಂದು ಹೆಣ ಬಿದ್ದೇ ಬೀಳುತ್ತದೆ. ಒಂದೇ. ಆಮೇಲೆ ವರ್ಷಗಟ್ಟಲೆ ಯಮ ಆ ಮನೆಯ ಕಡೆ ತಲೆ ಹಾಕುವುದಿಲ್ಲ. ಇಷ್ಟು ಮಾತು ಟವೆಲ್ ಮಾರುವ ಮಲಕಾಜಪ್ಪನಿಗೂ ಗೊತ್ತಿತ್ತು.

ಕುದುರೆ ಟಾಂಗಾ ಹೊಡೆಯುವ ಧರೆಪ್ಪನದು. ಸುಳಿಯ ಸುದ್ದಿ ಹಬ್ಬಿದ ಮೇಲೆ ಬಸ್‌ಸ್ಟ್ಯಾಂಡಿನ ಟಾಂಗಾದವರು ಅವನನ್ನು ಹೊರಗೆ ಹಾಕಿದ್ದರು. ಇಡೀ ಊರಲ್ಲಿ ಅದಕ್ಕೊಂದು ಗೂಟ ಬಡಿಯಲು ಯಾರೂ ಜಾಗ ಕೊಟ್ಟಿರಲಿಲ್ಲ. ಅಂಥದನ್ನು ಚನ್ನವೀರಪ್ಪ ತಾನಾಗಿ ಹುಡುಕಿಕೊಂಡು ಹೋಗಿ ಮನೆಗೆ ಕರೆತಂದಿದ್ದ. ಬಾಡಿಗೆ ಬೇಡ ಅಂದಿದ್ದ. ಮೇಲೆ ಹುರುಳಿ ಬೇರೆ ತಿನ್ನಿಸುತ್ತಿದ್ದ.

ಮಲಕಾಜಪ್ಪ ಒಳಗೆ ಹೋಗಿ ಅಕ್ಕನ ಪಕ್ಕದಲ್ಲಿ ಕೂತ. ಅವಳು ಹೊರಸಿಗೆ ಅಂಟಿಕೊಂಡಿದ್ದಳು.

"ಅಕ್ಕಾ, ಕುದುರಿ ಯಾಕ ಕಟ್ಯಾರ?"

"ನನಗೇನ ಗೊತ್ತಪಾ. ಸೋಮವಾರ ಕಚೇರಿಗಿ ಕರಕೊಂಡ ಹೋಗಿ ಹೆಬ್ಬಟ್ಟ ಒತ್ತಿಸಿದ್ರು. ಮರುದಿನಾ ಕುದುರಿ ಬಂತು."

ಮಲಕಾಜಪ್ಪನಿಗೆ ಮೈ ಉರಿಯಿತು. ಈ ಮನೆ, ಈ ಹಿತ್ತಿಲು, ಎಲ್ಲ ಅಪ್ಪ ಅರಿಶಿನ ಕುಂಕುಮಕ್ಕೆಂದು ಅಕ್ಕನ ಹೆಸರಿಗೆ ಬರೆದುಕೊಟ್ಟದ್ದು. ಕಣ್ಣು ಬಿಡಲಾಗದವಳನ್ನು ರಜಿಸ್ಟರ್ ಕಚೇರಿಗೆ ಹೊತ್ತೊಯ್ದು ಅದನ್ನು ತನ್ನ ಹೆಸರಿಗೆ ಮಾಡಿಸಿಕೊಂಡಿದ್ದ ಮಹಾರಾಯ. ಮೊದಲು ಆಸ್ತಿ, ಆಮೇಲೆ ಸುಳಿ. ಇನ್ನು ಉಳಿದದ್ದು ಹೊಸ ಹೆಂಡತಿ. ಅದಕ್ಕೂ ತಯಾರಿ ನಡೆದಂತಿತ್ತು. ಹೆಂಡತಿ ಸಾಯಲು ಮಲಗಿದ್ದರೆ ಈತ ನುಣ್ಣಗೆ ದಾಡಿ ಮಾಡಿಸಿ ಹೊಸ ಧೋತರ ಉಟ್ಟಿದ್ದ. ಕುದುರೆಯನ್ನು ಯಾರಾದರೂ ಬಿಚ್ಚಿಬಿಟ್ಟಾರೆಂದೋ ಏನೋ, ಅದರ ಕಾಲಬುಡದಲ್ಲೇ ಹಾಸಿಗೆ ಹಾಸಿಕೊಂಡಿದ್ದ. ನಡುವೆ ಒಮ್ಮೆ ಕೆಮ್ಮು ಬಂದು ಎದೆ ಹಿಡಿದುಕೊಂಡಾಗ ಅವನ ಮುಖದಲ್ಲಿ ನಗು ಕಂಡಂತಾಯಿತು. ಇಂಥ ಕಲ್ಲೆದೆಯವನನ್ನು ಮಲಕಾಜಪ್ಪ ಜನ್ಮದಲ್ಲಿ ನೋಡಿರಲಿಲ್ಲ. ಎದ್ದು ಮತ್ತೆ ಹಿತ್ತಿಲಿಗೆ ಬಂದ.

"ಏಳ್ರಿ ಮಾಮಾ. ಈಗಿಂದೀಗ ಕಚೇರಿಗಿ ನಡೀರಿ. ಅಕ್ಕನ ಜಾಗಾ ಅಕ್ಕನ ಹೆಸರಿಗಿ ತಿರುಗಿ ಬರದ ಕೊಡ್ರಿ."

ಚನ್ನವೀರಪ್ಪ ಕೈಮುಗಿದ. ವಯಸ್ಸಿನಲ್ಲಿ ಹಿರಿಯ, ಹೆಂಡತಿಯ ತಮ್ಮನಿಗೆ ಕೈಮುಗಿದ.

"ಎಂಟ ದಿನಾ ತಡಿಯೋ. ಎಂಟ ದಿನಾ ನನ್ನ ಹೆಸರಿಲೆ ಇರ್ಲಿ. ಆಮ್ಯಾಲ ಎಲ್ಲಾ ಆಕೀದ."

"ಎಂಟ ದಿನದಾಗ ಏನ ಆಗಬೇಕಂತ ಮಾಡೀರಿ?"

"ಅದನ್ನ ಬಾಯಿಲೆ ಹೇಳಬಾರ್ದು. ಹೇಳಿದ್ರ ಕೆಡ್ತದ."

"ಹಂಗಂದ್ರ ಪೊಲೀಸ್ರ ಮುಂದ ಹೇಳ್ರಿ. ಅಕ್ಕನ್ನ ಈಗ ಸೊಲ್ಲಾಪುರಕ್ಕ ಎತಗೊಂಡ ಹೋಗ್ತೀನಿ."

ಆ ದಾರಿಯ ಕುಲುಕಾಟಕ್ಕೆ ಅವಳ ಜೀವ ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿದ್ದರು. ಚನ್ನವೀರಪ್ಪನ ಮುಖ ಬಿಳಿಚಿತು. ಅವನು ಎದ್ದು ಗೂಟದ ಕಡೆ ಓಡಿದ.

"ಬರೀತೀನಿ, ಬರೀತೀನಿ. ಮೊದ್ಲ ಕುದುರಿ ಊರ ಹೊರಗ ಬಿಟ್ಟ ಬರ್ತೀನಿ."

ಇದುವರೆಗೆ ಬಿಚ್ಚಬೇಡ ಅಂದವನು ಈಗ ಬಿಚ್ಚಲು ಓಡುತ್ತಿದ್ದಾನೆ. ಶನಿವಾರ, ಕಚೇರಿ ಅರ್ಧ ದಿನ. ಹೊತ್ತು ಕಳೆಯುವ ಆಟ ಇದು ಎಂದು ಮಲಕಾಜಪ್ಪನಿಗೆ ತಿಳಿಯದೇ ಇರುತ್ತದೆಯೇ? ಅವನು ಅಂಗಡಿ ನಡೆಸುವವನು.

"ಮೊದ್ಲ ಕಾಗದಾ. ಆಮ್ಯಾಲ ಕುದುರಿ."

ರಟ್ಟೆ ಹಿಡಿದು ಎಳೆದುಕೊಂಡೇ ಹೋದ. ಚನ್ನವೀರಪ್ಪ ದಾರಿಯುದ್ದಕ್ಕೂ ಹಿಂತಿರುಗಿ ನೋಡುತ್ತಿದ್ದ. ಕಚೇರಿಯಲ್ಲಿ ಅವನು ಎರಡು ಸಲ ಸಹಿ ಕೆಡಿಸಿದ. ಮೂರನೆಯ ಸಲ ಮಲಕಾಜಪ್ಪ ಕಾಗದವನ್ನು ಒತ್ತಿ ಹಿಡಿದು ಸಹಿ ಹಾಕಿಸಿದ. ಕಾರಕೂನ ಠಸ್ಸೆ ಹೊಡೆದ. ಮನೆ, ಹಿತ್ತಿಲು ಮತ್ತೆ ಶಾರದಾಬಾಯಿಯ ಹೆಸರಿಗಾದವು.

ಠಸ್ಸೆ ಬಿದ್ದದ್ದೇ ತಡ, ಚನ್ನವೀರಪ್ಪ ಚಪ್ಪಲಿ ಅಲ್ಲೇ ಬಿಟ್ಟು ಓಡಿದ. ಮಲಕಾಜಪ್ಪನೂ ಹಿಂದೆ ಓಡಿದ.

ಓಣಿಯ ತುದಿಯಲ್ಲೇ ಹೆಂಗಸರ ಅಳು ಕೇಳಿಸಿತು. ಪಕ್ಕದ ಮನೆಯ ಬೀರವ್ವ ಬಾಗಿಲಲ್ಲಿ ಕೂತು ಎದೆ ಬಡಿದುಕೊಳ್ಳುತ್ತಿದ್ದಳು. ಈಗ ಹೋದಳಂತೆ, ಗುಟುಕು ನೀರು ಕುಡಿಸುವಷ್ಟರಲ್ಲಿ.

ಚನ್ನವೀರಪ್ಪ ಒಳಗೆ ಹೋಗಲಿಲ್ಲ. ಹಿತ್ತಿಲಿಗೆ ಬಂದು ಕುದುರೆಯ ಪಕ್ಕದಲ್ಲಿ ಕುಸಿದು ಕೂತ. ಮಲಕಾಜಪ್ಪ ಅವನ ಕೊರಳಪಟ್ಟಿ ಹಿಡಿದ.

"ತಿಂದ್ಯಲ್ಲೋ ನಮ್ಮಕ್ಕನ್ನ. ಈಗಾದ್ರೂ ಜಾಗಾ ಆಕಿ ಹೆಸರಿಲೆ ಆತು, ನಿನಗೇನೂ ಸಿಗಲಿಲ್ಲ."

ನೀರಿನ ಬಕೆಟ್ ಹಿಡಿದು ನಿಂತಿದ್ದ ಧರೆಪ್ಪ ಅದನ್ನು ಕೆಳಗಿಟ್ಟ. ಮಲಕಾಜಪ್ಪನ ಕೈಯನ್ನು ಮೆಲ್ಲಗೆ ಬಿಡಿಸಿದ.

"ಆಕಿ ಹೆಸರಿಗಿ ಮಾಡಿಸಿ ಬಂದ್ರೇನ್ರಿ ಸಾವ್ಕಾರ್ರ?" ಅಂದ. "ಈ ಸುಳಿ ಬ್ಯಾನಿ ಬಿದ್ದವರನ್ನ ಒಯ್ಯೂದಿಲ್ರಿ. ನೆಲಾ ಯಾರ ಹೆಸರಿಲೆ ಐತಿ, ಅವರನ್ನ ಒಯ್ತದ."